ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳಲು ಜನ ಬೇಕು: ಏಜೆನ್ಸಿಯವರನ್ನು ಏನು ಕೇಳಬೇಕು?

ಎರಡನೇಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 76 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲಲ್ಲಿ ಶಕ್ತಿ ಕಡಿಮೆ. ಮಾತು ಇದೆ, ಆದರೆ ತುಂಬಾ ನಿಧಾನ. ಬೇಕಾದ ಪದ ಬಾಯಿಗೆ ಬರದಿದ್ದರೆ ಸಿಟ್ಟಾಗಿ ಸುಮ್ಮನಾಗಿಬಿಡುತ್ತಾರೆ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು. ಅಕ್ಕ ಮತ್ತು ನಾನು ಸರದಿಯ ಮೇಲೆ ರಜೆ ಹಾಕಿ ಇಷ್ಟು ದಿನ ನೋಡಿಕೊಂಡೆವು. ಈಗ ಇಬ್ಬರ ರಜೆಯೂ ಮುಗಿಯುತ್ತಾ ಬಂದಿದೆ.

ನಿನ್ನೆ ಮೂರು ಏಜೆನ್ಸಿಗಳಿಗೆ ಫೋನ್ ಮಾಡಿದೆ. ಮೂವರದೂ ಒಂದೇ ಮಾತು: "ನಮ್ಮಲ್ಲಿ ಟ್ರೇನಿಂಗ್ ಆದವರೇ ಇರೋದು ಮೇಡಂ, ಯಾವತ್ತಿಂದ ಕಳಿಸಲಿ?" ಅಮ್ಮನ ಬಗ್ಗೆ ಯಾರೂ ಜಾಸ್ತಿ ಕೇಳಲಿಲ್ಲ. ಒಬ್ಬರು ಮಾತ್ರ ಅಮ್ಮನ ತೂಕ ಎಷ್ಟು ಎಂದು ಕೇಳಿದರು. ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ದರ ಮೂವರದೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಯಾವುದನ್ನು ನೋಡಿ ಆರಿಸಬೇಕು? ಏನು ಕೇಳಬೇಕು? ಇನ್ನೊಂದು ಕಷ್ಟ ಏನೆಂದರೆ, "ಹೊರಗಿನವರು ಬೇಡ" ಅಂತ ಅಮ್ಮ ಹಟ ಹಿಡಿದಿದ್ದಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮಳೆಹನಿ

ನಿಮ್ಮ ಪರಿಸ್ಥಿತಿ ಅರ್ಥವಾಗುತ್ತದೆ. ಅತ್ತೆಯವರಿಗೆ ಸೊಂಟದ ಮೂಳೆ ಮುರಿದಾಗ ನಾವು ಮೊದಲು ಸಿಕ್ಕ ಏಜೆನ್ಸಿಗೇ ಹಣ ಕಟ್ಟಿಬಿಟ್ಟೆವು. 15 ದಿನದಲ್ಲಿ ಮೂವರು ಬದಲಾದರು. ಬಂದವರಿಗೆಲ್ಲ ಮಾತ್ರೆ ಯಾವುದು, ಯಾವ ಮಗ್ಗುಲಿಗೆ ಮಲಗಿಸಬೇಕು ಅಂತ ಮೊದಲಿನಿಂದ ಹೇಳಬೇಕು. ಮೂರನೆಯವರು ಬಂದಾಗ ಅತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದರು, ಮಾತೇ ಆಡಲಿಲ್ಲ. ನಾನು ಹೇಳುವುದು ಒಂದೇ. ಅವಸರ ಮಾಡಬೇಡಿ. ಇನ್ನೊಂದು ವಾರ ರಜೆ ಸಿಕ್ಕರೆ ಹಾಕಿ.

ವಾರ್ಡಿನ ನರ್ಸ್

ನಾನು 19 ವರ್ಷ ಆಸ್ಪತ್ರೆಯಲ್ಲಿ, ಆಮೇಲೆ 6 ವರ್ಷ ಮನೆ ಆರೈಕೆಯ ಸೂಪರ್‌ವೈಸರ್ ಆಗಿ ಕೆಲಸ ಮಾಡಿದವಳು. ಉದ್ದ ಬರೆಯುತ್ತೇನೆ, ನಿಧಾನಕ್ಕೆ ಓದಿ.

ಮೊದಲು, ಆ ತೂಕ ಕೇಳಿದರಲ್ಲ, ಅವರಿಗೆ ಮತ್ತೆ ಫೋನ್ ಮಾಡಿ. ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಲು ಒಬ್ಬರು ಸಾಕೋ ಇಬ್ಬರು ಬೇಕೋ ಎಂದು ಯೋಚಿಸುವವರು ಮಾತ್ರ ಆ ಪ್ರಶ್ನೆ ಕೇಳುತ್ತಾರೆ. ಫೋನಿನಲ್ಲಿ ದರ ಹೇಳುವ ಮೊದಲು ನಿಮ್ಮನ್ನೇ ಹತ್ತು ಪ್ರಶ್ನೆ ಕೇಳುವವರು ಒಳ್ಳೆಯವರು. ಅದಕ್ಕಿಂತ ಒಳ್ಳೆಯವರು, "ಒಬ್ಬ ನರ್ಸನ್ನು ಕಳಿಸಿ ಅಮ್ಮನನ್ನು ನೋಡಿಸಿ ಆಮೇಲೆ ಹೇಳುತ್ತೇವೆ" ಅನ್ನುವವರು.

ಎರಡನೆಯದು. ಏಜೆನ್ಸಿ ಹುಡುಕುವ ಮೊದಲು ಅಮ್ಮನ ಒಂದು ದಿನವನ್ನು ಬರೆದಿಡಿ. ಬೆಳಿಗ್ಗೆ ಎದ್ದಲ್ಲಿಂದ ಮರುದಿನ ಏಳುವವರೆಗೆ. ಎಷ್ಟು ಗಂಟೆಗೆ ಏನು, ಯಾರ ಸಹಾಯ ಎಷ್ಟು ಬೇಕಾಯಿತು. 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ತಂಡ ಆರು ಕೆಲಸಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ ಮಾಡುವುದು. ಇವತ್ತಿಗೂ ನಾವು ಅದನ್ನೇ ಬಳಸುತ್ತೇವೆ. ಒಂದೊಂದರ ಮುಂದೆಯೂ ಅಮ್ಮ ತಾವೇ ಮಾಡುತ್ತಾರಾ, ಸ್ವಲ್ಪ ಕೈ ಕೊಟ್ಟರೆ ಮಾಡುತ್ತಾರಾ, ಪೂರ್ತಿ ನಾವೇ ಮಾಡಿಸಬೇಕಾ ಅಂತ ಬರೆಯಿರಿ. ಆಗ ನಿಮಗೆ ಬೇಕಿರುವುದು ನರ್ಸೋ ಕೇರ್‌ಟೇಕರೋ ಅಂತ ತಾನಾಗಿ ಗೊತ್ತಾಗುತ್ತದೆ. ಇಂಜೆಕ್ಷನ್, ಗಾಯಕ್ಕೆ ಡ್ರೆಸ್ಸಿಂಗ್, ಮೂತ್ರದ ಕೊಳವೆ ಬದಲಾಯಿಸುವುದು, ಮೂಗಿನ ಕೊಳವೆ ಹಾಕುವುದು ನರ್ಸ್ ಕೆಲಸ. ಸ್ನಾನ, ಊಟ, ನಡೆಸುವುದು, ಮಗ್ಗುಲು ಬದಲಿಸುವುದು ಕೇರ್‌ಟೇಕರ್ ಕೆಲಸ. ಕೆಲವು ಕಡೆ ಕೇರ್‌ಟೇಕರನ್ನೇ "ಹೋಮ್ ನರ್ಸ್" ಎಂದು ಕರೆದು ಕಳಿಸುತ್ತಾರೆ. ಹೆಸರು ಬಿಡಿ, ಓದಿದ ಪ್ರಮಾಣಪತ್ರ ನೋಡಿ.

ಮೂರನೆಯದು ಬಹಳ ಮುಖ್ಯ. "ನಿಮಗೆ ಕೆಲಸ ಬರುತ್ತದಾ" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. "ಮಾಡಿ ತೋರಿಸಿ" ಅನ್ನಿ. ನೀವೇ ಮಂಚದ ಮೇಲೆ ಮಲಗಿ, ಬಲಗಡೆ ಶಕ್ತಿ ಇಲ್ಲದವರ ಹಾಗೆ ಇರಿ. ಅವರು ನಿಮ್ಮನ್ನು ಗಾಲಿಕುರ್ಚಿಗೆ ಕೂರಿಸಲಿ. ಕೆಲಸ ಗೊತ್ತಿದ್ದವರು ಕುರ್ಚಿಯನ್ನು ಗಟ್ಟಿ ಇರುವ ಎಡಗಡೆಗೆ ತರುತ್ತಾರೆ, ಎರಡೂ ಬ್ರೇಕ್ ಹಾಕುತ್ತಾರೆ, ಕಾಲಿಡುವ ಹಲಗೆ ಮೇಲೆತ್ತುತ್ತಾರೆ. ನಿಮ್ಮ ಪಾದ ನೆಲಕ್ಕೆ ಊರಿದೆಯಾ ನೋಡುತ್ತಾರೆ. ತಮ್ಮ ಮಂಡಿ ಬಗ್ಗಿಸಿ, ನಿಮ್ಮ ಸೊಂಟದ ಹತ್ತಿರ ಹಿಡಿದು, "ಒಂದು, ಎರಡು, ಮೂರು" ಅಂತ ಹೇಳಿ ಎಬ್ಬಿಸುತ್ತಾರೆ. ಕೆಲಸ ಗೊತ್ತಿಲ್ಲದವರು ಬಲಗೈ ಹಿಡಿದು ಎಳೆಯುತ್ತಾರೆ, ಇಲ್ಲಾ ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ. ಸ್ಟ್ರೋಕ್ ಆದವರಲ್ಲಿ ಆ ಕಡೆಯ ಭುಜವನ್ನು ಹಿಡಿದಿಡುವ ಮಾಂಸಖಂಡ ಸಡಿಲ ಆಗಿರುತ್ತದೆ. ಎಳೆದರೆ ಭುಜದ ಕೀಲು ಜಾರುತ್ತದೆ, ಆಮೇಲೆ ತಿಂಗಳುಗಟ್ಟಲೆ ನೋವು. ಐದು ನಿಮಿಷದ ಈ ಪರೀಕ್ಷೆಯಲ್ಲಿ ಗೊತ್ತಾಗುವಷ್ಟು ಯಾವ ಕಾಗದದಲ್ಲೂ ಗೊತ್ತಾಗುವುದಿಲ್ಲ.

ಇನ್ನೊಂದು ಪ್ರಶ್ನೆ ಕೇಳಿ: "ಊಟ ಮಾಡಿಸುವಾಗ ಅಮ್ಮನಿಗೆ ಕೆಮ್ಮು ಬಂದರೆ ಏನು ಮಾಡುತ್ತೀರಿ?" ಥಟ್ಟನೆ "ನೀರು ಕುಡಿಸುತ್ತೇನೆ" ಅಂದರೆ ಹುಷಾರು. ಸ್ಟ್ರೋಕ್ ನಂತರ ಎಷ್ಟೋ ಜನರಿಗೆ ನುಂಗುವುದು ಕಷ್ಟವಾಗಿರುತ್ತದೆ, ನೀರೇ ಎಲ್ಲಕ್ಕಿಂತ ಬೇಗ ಶ್ವಾಸನಾಳಕ್ಕೆ ಹೋಗುತ್ತದೆ. ತುತ್ತು ನಿಲ್ಲಿಸಬೇಕು, ನೆಟ್ಟಗೆ ಕೂರಿಸಿಯೇ ಕೆಮ್ಮಲು ಬಿಡಬೇಕು, ಬಲಗೆನ್ನೆಯ ಒಳಗೆ ಊಟ ಉಳಿದಿದೆಯಾ ನೋಡಬೇಕು. ಊಟ ಆದಮೇಲೆ ಕನಿಷ್ಠ ಅರ್ಧ ಗಂಟೆ ಮಲಗಿಸಬಾರದು.

ಎರಡನೇಮಗಳು

ಮೇಡಂ, ತುಂಬಾ ಧನ್ಯವಾದ. ಬಲಗೈ ಹಿಡಿದು ಎಳೆಯಬಾರದು ಅಂತ ನಮಗೇ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಮಾಡುವಾಗ ಯಾರೂ ಹೇಳಿಕೊಡಲಿಲ್ಲ. ಅಮ್ಮ ಭುಜ ನೋವು ಅನ್ನುತ್ತಲೇ ಇದ್ದಾರೆ. ಇವತ್ತೇ ಅಕ್ಕನಿಗೆ ಹೇಳುತ್ತೇನೆ.

ವಾರ್ಡಿನ ನರ್ಸ್

ನೋವು ಇದ್ದರೆ ಫಿಸಿಯೋಗೆ ಬೇಗ ತೋರಿಸಿ. ಕೂತಾಗ ಬಲಗೈ ಕೆಳಗೆ ಜೋತುಬೀಳದಂತೆ ಒಂದು ದಿಂಬಿನ ಮೇಲೆ ಇಡಿ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಹೇಳಿಕೊಡಬೇಕಾದವರು ಹೇಳಿಕೊಡಲಿಲ್ಲ, ಅಷ್ಟೇ.

ದೂರದ ಮಗ

ನಾನು ಅಪ್ಪನಿಂದ ಬಹಳ ದೂರದಲ್ಲಿದ್ದೇನೆ. ಅಪ್ಪ ಒಬ್ಬರೇ, ನೋಡಿಕೊಳ್ಳುವವರು ಒಬ್ಬರು. ಹಾಗಾಗಿ ನನಗೆ ಎಲ್ಲ ಕಾಗದದ ಮೇಲೆಯೇ ಗೊತ್ತಾಗಬೇಕು.

ಮೊದಲ ಏಜೆನ್ಸಿಯವರು ಚೆನ್ನಾಗಿ ಮುದ್ರಿಸಿದ ಫೈಲ್ ಕೊಟ್ಟಿದ್ದರು. ದಿನಾ ಅದರ ಫೋಟೋ ಬರುತ್ತಿತ್ತು. ಬಿಪಿ 120/80, ಊಟ ಚೆನ್ನಾಗಿ ಮಾಡಿದರು, ನಿದ್ದೆ ಚೆನ್ನಾಗಿ ಮಾಡಿದರು. ಮೂರು ವಾರ ನಾನು ನೆಮ್ಮದಿಯಾಗಿದ್ದೆ. ಆಮೇಲೆ ಒಂದು ಭಾನುವಾರ ಕೂತು ಎಲ್ಲ ಫೋಟೋ ಸಾಲಾಗಿ ನೋಡಿದೆ. 21 ದಿನವೂ ಬಿಪಿ 120/80! ಯಾರ ಬಿಪಿಯೂ ಹಾಗೆ ಇರುವುದಿಲ್ಲ, ಅಲ್ವಾ? ಅಪ್ಪನನ್ನೇ ಫೋನಿನಲ್ಲಿ ಕೇಳಿದೆ. ಮಷಿನ್ ಕಪಾಟಿನಿಂದ ಹೊರಗೇ ಬಂದಿರಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗಿನವರು ಫೈಲ್ ಕೊಡಲಿಲ್ಲ, ಸಾದಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. "ಮಧ್ಯಾಹ್ನ ಅರ್ಧ ಊಟ ಬಿಟ್ಟರು, ಹಲ್ಲು ನೋವಂತೆ." "ರಾತ್ರಿ 2ಕ್ಕೆ ಎದ್ದರು, ಮತ್ತೆ ಮಲಗಲಿಲ್ಲ." ಓದಿದರೆ ಅಪ್ಪನ ದಿನ ಕಣ್ಣಿಗೆ ಕಟ್ಟುತ್ತದೆ. ಏಜೆನ್ಸಿ ಆರಿಸುವಾಗ ಬೇರೆ ರೋಗಿಯ ಹೆಸರು ಮುಚ್ಚಿದ ಒಂದು ವಾರದ ದಿನಚರಿ ತೋರಿಸಿ ಎಂದು ಕೇಳಿ. ದಿನದಿಂದ ದಿನಕ್ಕೆ ಏನೂ ಬದಲಾಗದ ದಿನಚರಿ ಸುಮ್ನೆ ತುಂಬಿದ ದಿನಚರಿ.

ಹಾಲ್‌ನಲ್ಲಿ ಒಂದು ಕ್ಯಾಮೆರಾನೂ ಇಟ್ಟಿದ್ದೇನೆ. ಅದು ಇಲ್ಲದೆ ನನಗೆ ಆಗುವುದಿಲ್ಲ.

ಗಾಲಿಕುರ್ಚಿ

ಇಲ್ಲಿ ಎಲ್ಲರೂ ನೋಡಿಕೊಳ್ಳುವ ಕಡೆಯವರು. ನಾನು ನೋಡಿಸಿಕೊಳ್ಳುವ ಕಡೆಯವನು. ವಯಸ್ಸು 41. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ 14 ವರ್ಷ ಆಯಿತು. ಇಷ್ಟು ವರ್ಷದಲ್ಲಿ ನನ್ನ ಮನೆಗೆ 20ಕ್ಕೂ ಜಾಸ್ತಿ ಜನ ಬಂದು ಹೋಗಿದ್ದಾರೆ.

ಆರಿಸುವಾಗ ನಾನು ನೋಡುವುದು ಒಂದೇ ವಿಷಯ. ಮೊದಲ ಸಲ ಮನೆಗೆ ಬಂದವರು ಯಾರ ಜೊತೆ ಮಾತಾಡುತ್ತಾರೆ? ನನ್ನ ಜೊತೆಯಾ, ನನ್ನ ತಲೆಯ ಮೇಲಿಂದ ನನ್ನ ತಮ್ಮನ ಜೊತೆಯಾ? "ಇವರಿಗೆ ಎಷ್ಟು ಗಂಟೆಗೆ ಊಟ?" ಅಂತ ನನ್ನ ಮುಂದೆಯೇ ತಮ್ಮನನ್ನು ಕೇಳುವವರು, ನಾಳೆ ನನ್ನನ್ನು ಹೇಳದೆ ಕೇಳದೆ ಮಗ್ಗುಲು ತಿರುಗಿಸುತ್ತಾರೆ. ಮುಟ್ಟುವ ಮೊದಲು "ಈಗ ಕಾಲು ಎತ್ತುತ್ತೇನೆ" ಅನ್ನಲು ಎರಡು ಸೆಕೆಂಡ್ ಸಾಕು. ಆ ಎರಡು ಸೆಕೆಂಡ್ ಕೊಡುವವರ ಜೊತೆ ನಾನು ವರ್ಷಗಟ್ಟಲೆ ಇದ್ದೇನೆ.

ಎರಡನೇಮಗಳು ಅವರೇ, ನಿಮ್ಮ ಅಮ್ಮ ಹೊರಗಿನವರು ಬೇಡ ಅನ್ನುತ್ತಿರುವುದು ಹಟ ಅಂದುಕೊಳ್ಳಬೇಡಿ. ಯಾಕೆ ಬೇಡ ಅಂತ ಕೇಳಿದ್ದೀರಾ? ಮಾತು ನಿಧಾನ ಅಂದಿರಿ. ಹಾಗಾದರೆ ಟಿವಿ ಆಫ್ ಮಾಡಿ, ಎದುರು ಕೂತು, ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಹೌದು, ಅಲ್ಲ ಎಂದು ತಲೆಯಾಡಿಸಿದರೆ ಸಾಕು ಅನ್ನುವಂಥ ಪ್ರಶ್ನೆ. ಉತ್ತರಕ್ಕೆ ಕಾಯಿರಿ. ಪದ ನೀವೇ ತುಂಬಬೇಡಿ. ಏಜೆನ್ಸಿಯವರು ಬಂದ ದಿನ ಅಮ್ಮನೂ ಅಲ್ಲಿ ಕೂತಿರಲಿ. ಬೇಡ ಅನ್ನುವ ಹಕ್ಕು ಅವರಿಗೆ ಇರಲಿ.

ಕ್ಯಾಮೆರಾ ವಿಷಯ. ದೂರದ ಮಗ ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಬಟ್ಟೆ ಬದಲಿಸುವುದನ್ನು ಇನ್ಯಾರೋ ಫೋನಿನಲ್ಲಿ ನೋಡಬಹುದು ಅನ್ನುವುದೇ ನನಗೆ ಸಹಿಸಲಾಗದು. ನಿಮ್ಮ ಅಪ್ಪನನ್ನು ಕೇಳಿ ಇಟ್ಟಿರಾ?

ದೂರದ ಮಗ

ಕೇಳಿ ಇಟ್ಟೆ. ಮೊದಲು ಮಲಗುವ ಕೋಣೆಯಲ್ಲಿ ಇಡಬೇಕು ಅಂದುಕೊಂಡಿದ್ದೆ, ಅಪ್ಪ ಬೇಡ ಅಂದರು. ಹಾಲ್‌ನಲ್ಲಿ ಮಾತ್ರ ಇದೆ. ನೋಡಿಕೊಳ್ಳುವವರಿಗೂ ಮೊದಲ ದಿನವೇ ಹೇಳಿದ್ದೇನೆ. ನೀವು ಹೇಳಿದ ಮೇಲೆ ಯೋಚಿಸುತ್ತಿದ್ದೇನೆ. ಅಪ್ಪ ಒಪ್ಪಿದ್ದು ಮನಸ್ಸಿನಿಂದಲೋ ನನ್ನ ಸಮಾಧಾನಕ್ಕೋ ಅಂತ ಇನ್ನೊಮ್ಮೆ ಕೇಳುತ್ತೇನೆ.

ಗಾಲಿಕುರ್ಚಿ

ಧನ್ಯವಾದ. ಅಷ್ಟು ಕೇಳಿದರೆ ಸಾಕು.

ಇನ್ನೊಂದು ವಿಷಯ ಬರೆಯುವುದು ಬಿಟ್ಟಿದ್ದೆ. ಯೂರಿನ್ ಬ್ಯಾಗಿನ ಕೊಳವೆ ಎಲ್ಲಾದರೂ ಮಡಚಿಕೊಂಡರೆ ನನಗೆ ತಲೆ ಸಿಡಿಯುವ ಹಾಗೆ ನೋಯುತ್ತದೆ, ಮುಖ ಬೆವರುತ್ತದೆ, ಬಿಪಿ ಒಮ್ಮೆಲೇ ಏರುತ್ತದೆ. ಪೆಟ್ಟು ಬೆನ್ನುಹುರಿಯ ಮೇಲ್ಭಾಗದಲ್ಲಿ ಆದವರಿಗೆ ಹೀಗಾಗುತ್ತದೆ, ಪ್ರಾಣಕ್ಕೇ ಅಪಾಯ. ನೆಟ್ಟಗೆ ಕೂರಿಸಿ ಕೊಳವೆ ಬಿಡಿಸಿದರೆ ಎಷ್ಟೋ ಸಲ ನಿಮಿಷಗಳಲ್ಲಿ ಇಳಿಯುತ್ತದೆ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆ. ಇದನ್ನು ಎಷ್ಟೋ ಏಜೆನ್ಸಿಯವರು ಕೇಳಿಯೇ ಇರಲಿಲ್ಲ. ಹಾಗಾಗಿ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಹೊಸಬರು ಬಂದರೆ ಮೊದಲು ಅದನ್ನು ಓದಿ ನನಗೆ ವಾಪಸ್ ಹೇಳಬೇಕು. ನಿಮ್ಮವರ ಕಾಯಿಲೆಯಲ್ಲೂ ಇಂಥ ಒಂದು ವಿಷಯ ಇದ್ದೇ ಇರುತ್ತದೆ. ಅದನ್ನು ಬರೆದು ಅಂಟಿಸಿ.

ಬೆಳಗಿನ ಶಿಫ್ಟ್

ನಾನು ಮನೆಗಳಿಗೆ ಹೋಗಿ ನೋಡಿಕೊಳ್ಳುವ ಕೆಲಸ ಮಾಡುವವಳು. 11 ವರ್ಷ ಆಯಿತು. ನಮ್ಮ ಕಡೆಯ ಮಾತನ್ನೂ ಕೇಳಿ.

ಜನ ಯಾಕೆ ಬಿಟ್ಟು ಹೋಗುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಕರೆಯುವಾಗ "ಅಮ್ಮನನ್ನು ನೋಡಿಕೊಂಡರೆ ಸಾಕು" ಅನ್ನುತ್ತಾರೆ. ಬಂದಮೇಲೆ ಮನೆಯವರೆಲ್ಲರ ಬಟ್ಟೆ, ಪಾತ್ರೆ, ಮಕ್ಕಳನ್ನು ಕರೆದುಕೊಂಡು ಬರುವುದು, ಒಂದೊಂದೇ ಸೇರುತ್ತದೆ. ರಾತ್ರಿ ರೋಗಿ ನಾಲ್ಕು ಸಲ ಏಳುತ್ತಾರೆ, ಹಗಲೂ ನಾನೇ. ಒಬ್ಬರೇ 24 ಗಂಟೆ ಡ್ಯೂಟಿ ಮಾಡುತ್ತಾರೆ ಅಂತ ಏಜೆನ್ಸಿ ಹೇಳಿದರೆ ನಂಬಬೇಡಿ. ಯಾರಿಂದಲೂ ಆಗುವುದಿಲ್ಲ. ನಿದ್ದೆಗೆಟ್ಟವಳು ಮಾತ್ರೆ ತಪ್ಪಿಸುತ್ತಾಳೆ, ಇಲ್ಲಾ ಬಚ್ಚಲಲ್ಲಿ ಕೈ ಬಿಡುತ್ತಾಳೆ. ಒಂದು ಸಲ ನನಗೇ ಹಾಗಾಗಿದೆ. ಬೆಳಗಿನ ಮಾತ್ರೆ ಎರಡು ಸಲ ಕೊಟ್ಟೆ. ದೇವರ ದಯೆ, ಏನೂ ಆಗಲಿಲ್ಲ. ಅವತ್ತೇ ಮನೆಯವರಿಗೆ ಹೇಳಿದೆ, ಡಾಕ್ಟರಿಗೆ ಫೋನ್ ಮಾಡಿದೆವು. ಮನೆಯವರು ಬೈಯದೆ, ವಾರದ ಏಳು ದಿನದ ಖಾನೆ ಇರುವ ಮಾತ್ರೆ ಡಬ್ಬಿ ತಂದುಕೊಟ್ಟರು. ಆ ಮನೆಯಲ್ಲಿ ನಾನು ನಾಲ್ಕು ವರ್ಷ ಇದ್ದೆ.

ಹಾಗಾಗಿ ಏಜೆನ್ಸಿಯವರನ್ನು ಇದನ್ನೂ ಕೇಳಿ. ನಾವು ಕೊಡುವುದರಲ್ಲಿ ಕೆಲಸದವರ ಕೈಗೆ ಎಷ್ಟು ಸೇರುತ್ತದೆ? ವಾರಕ್ಕೆ ರಜೆ ಎಷ್ಟು? ಹುಷಾರಿಲ್ಲದ ದಿನದ ಸಂಬಳ ಕೊಡುತ್ತೀರಾ? ಈ ಮೂರಕ್ಕೆ ಉತ್ತರ ಹೇಳದ ಕಡೆ ಜನ ನಿಲ್ಲುವುದಿಲ್ಲ. ಜನ ನಿಲ್ಲದ ಏಜೆನ್ಸಿಯಿಂದ ನಿಮಗೆ ವಾರಕ್ಕೊಬ್ಬರು ಬರುತ್ತಾರೆ.

ಮೊದಲ ಎರಡು ದಿನ ಮನೆಯವರು ಯಾರಾದರೂ ಜೊತೆಗಿರಿ. ನಮ್ಮ ಮೇಲೆ ಅನುಮಾನ ಅಂತ ನಾವು ಅಂದುಕೊಳ್ಳುವುದಿಲ್ಲ. ಅಮ್ಮನಿಗೆ ಯಾವ ಹೊದಿಕೆ ಇಷ್ಟ, ಕನ್ನಡಕ ಎಲ್ಲಿಡುತ್ತಾರೆ, ಇಂಥದ್ದೆಲ್ಲ ಯಾರಾದರೂ ಹೇಳಬೇಕಲ್ಲ. ಬೆಲೆಬಾಳುವ ವಸ್ತು, ಬ್ಯಾಂಕ್ ಕಾರ್ಡ್ ಬೀಗ ಹಾಕಿಡಿ. ಸಾಮಾನು ತರಲು ಹಣ ಕೊಟ್ಟರೆ ರಸೀದಿ ಕೇಳಿ. ಅದರಿಂದ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ.

ಮಳೆಹನಿ

ಬೆಳಗಿನ ಶಿಫ್ಟ್ ಅವರೇ, ನೀವು ಬರೆದದ್ದು ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ನಾವೂ ಪಾತ್ರೆ ತೊಳೆಸಿದ್ದೆವು. ಆ ಮೂವರು ಹೋಗಿದ್ದರಲ್ಲಿ ನಮ್ಮ ತಪ್ಪೂ ಇತ್ತು.

ಲೆಕ್ಕಪತ್ರ

ಕರಾರುಪತ್ರದ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಅತ್ತಿಗೆಗೆ ನಾವು ಎರಡು ವರ್ಷದಿಂದ ಜನ ಇಟ್ಟಿದ್ದೇವೆ, ಕಾಗದ ಓದುವ ಕೆಲಸ ನನ್ನದು.

ಮುಂಗಡ ಎಷ್ಟು, ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ವಾಪಸ್? ಅಮ್ಮ ಆಸ್ಪತ್ರೆ ಸೇರಿದ ದಿನಗಳಿಗೂ ಹಣ ಕೊಡಬೇಕಾ? ಹಬ್ಬದ ದಿನ, ರಾತ್ರಿ, ಹೆಚ್ಚುವರಿ ಗಂಟೆಗೆ ಬೇರೆ ದರವಾ? ನಿಲ್ಲಿಸಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು? ಇವಿಷ್ಟು ಬರವಣಿಗೆಯಲ್ಲಿ ಇರಲಿ. ಬಾಯಿಮಾತು ಬೇಡ. ಕೆಲಸದ ಪಟ್ಟಿಯೂ ಅದೇ ಕಾಗದದಲ್ಲಿ ಇರಲಿ. ಬೆಳಗಿನ ಶಿಫ್ಟ್ ಹೇಳಿದ ಪಾತ್ರೆ ಜಗಳ ಆಗ ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಈ ಪ್ರಶ್ನೆಯನ್ನು ಹೀಗೆಯೇ ಕೇಳಿ: "ಬೆಳಿಗ್ಗೆ 7ಕ್ಕೆ ಬರಬೇಕಾದವರು ಬರಲಿಲ್ಲ. ನಾನು ಯಾರಿಗೆ ಫೋನ್ ಮಾಡಲಿ? ಬೇರೆಯವರು ಎಷ್ಟು ಗಂಟೆಗೆ ಬರುತ್ತಾರೆ?" "ನೋಡೋಣ ಸರ್, ವ್ಯವಸ್ಥೆ ಮಾಡೋಣ" ಅಂದರೆ ವ್ಯವಸ್ಥೆ ಇಲ್ಲ ಅಂತಲೇ ಅರ್ಥ. ಏಜೆನ್ಸಿಗೆ ಜಾಸ್ತಿ ಹಣ ಕೊಡುವುದೇ ಆ ಒಂದು ಬೆಳಿಗ್ಗೆಗಾಗಿ. ಅದನ್ನೇ ಅವರು ಮಾಡದಿದ್ದರೆ ನೇರವಾಗಿ ಒಬ್ಬರನ್ನು ಇಟ್ಟುಕೊಳ್ಳುವುದು ಮೇಲು. ನೇರವಾಗಿ ಇಟ್ಟರೆ ಸಂಬಳ, ರಜೆ, ಗುರುತಿನ ಪರಿಶೀಲನೆ, ಹಿಂದಿನ ಮನೆಯವರನ್ನು ವಿಚಾರಿಸುವುದು ಎಲ್ಲ ನಿಮ್ಮ ತಲೆಗೇ ಬರುತ್ತದೆ, ಅದು ನೆನಪಿರಲಿ.

ಸಂಜೆಯ ಚಿಂತೆ

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಮಾವನವರಿಗೆ ಮರೆವಿನ ಕಾಯಿಲೆ. ಹಗಲು ಚೆನ್ನಾಗಿರುತ್ತಾರೆ. ಸಂಜೆ ಆಯಿತೆಂದರೆ "ಮನೆಗೆ ಹೋಗಬೇಕು" ಅಂತ ಬಾಗಿಲ ಹತ್ತಿರ ಹೋಗುತ್ತಾರೆ. ಇಂಥವರಿಗೆ ಎಂಥ ಜನ ಬೇಕು?

ವಾರ್ಡಿನ ನರ್ಸ್

ಮರೆವು ಇದ್ದವರಿಗೆ ಮುಖ ಬದಲಾಗಬಾರದು. ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ಕನಿಷ್ಠ ಮೂರು ತಿಂಗಳು ಒಬ್ಬರನ್ನೇ ಕಳಿಸುತ್ತೀರಾ, ಅವರ ರಜೆಗೆ ಬರುವವರೂ ಪ್ರತಿ ಸಲ ಅದೇ ಇನ್ನೊಬ್ಬರಾ ಅಂತ. ಆಮೇಲೆ ಬರುವವರನ್ನೇ ಕೇಳಿ: "ಮನೆಗೆ ಹೋಗಬೇಕು ಅಂದರೆ ಏನು ಹೇಳುತ್ತೀರಿ?" "ಇದೇ ನಿಮ್ಮ ಮನೆ ಅಂತ ಹೇಳುತ್ತೇನೆ" ಎಂದು ವಾದಕ್ಕೆ ಇಳಿಯುವವರು ಬೇಡ. "ಮನೆಯಲ್ಲಿ ಯಾರ್‍ಯಾರು ಇದ್ದಾರೆ?" ಅಂತ ಮಾತಿಗೆ ಎಳೆದು, ಜೊತೆಯಲ್ಲಿ ನಾಲ್ಕು ಹೆಜ್ಜೆ ನಡೆದು, ಮೆಲ್ಲಗೆ ಬೇರೆ ಕಡೆ ತಿರುಗಿಸುವವರು ಬೇಕು. ಸಂಜೆ ಆಗುವ ಮೊದಲೇ ದೀಪ ಹಾಕಿ. ನೆರಳು ಕಡಿಮೆಯಾದರೆ ಗಾಬರಿ ಸ್ವಲ್ಪ ಕಡಿಮೆಯಾಗುತ್ತದೆ.

ಒಂದು ಎಚ್ಚರಿಕೆ. ಗೊಂದಲ ಒಂದೆರಡು ದಿನದಲ್ಲಿ ಒಮ್ಮೆಲೇ ಜಾಸ್ತಿ ಆದರೆ ಅದು ಮರೆವು ಬೆಳೆದದ್ದು ಅಂದುಕೊಳ್ಳಬೇಡಿ. ಸೋಂಕು, ನೀರು ಕಡಿಮೆಯಾಗುವುದು, ಮಲಬದ್ಧತೆ, ಹೊಸ ಮಾತ್ರೆ, ಯಾವುದಾದರೂ ಇರಬಹುದು. ಅವತ್ತೇ ಡಾಕ್ಟರಿಗೆ ತೋರಿಸಿ. ನೋಡಿಕೊಳ್ಳುವವರಿಗೂ ಇದು ಗೊತ್ತಿರಬೇಕು.

ಎರಡನೇಮಗಳು

ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೆ ಅಮ್ಮನ ದಿನವನ್ನು ಮೂರು ದಿನ ಬರೆದೆವು. ನಮಗೆ ಹಗಲು 12 ಗಂಟೆಗಳ ಕಾಲ ಜನ ಬೇಕು ಅಂದುಕೊಂಡಿದ್ದೆವು. ಬರೆದು ನೋಡಿದರೆ ಬೇರೆಯೇ ಚಿತ್ರ. ಬೆಳಿಗ್ಗೆ 6:30ರಿಂದ 9ರವರೆಗೆ ಒಂದು ನಿಮಿಷ ಬಿಡುವಿಲ್ಲ. ಆಮೇಲೆ ಊಟದ ಹೊತ್ತಿನವರೆಗೆ ಅಮ್ಮ ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತಾರೆ, ಹತ್ತಿರ ಒಬ್ಬರು ಇದ್ದರೆ ಸಾಕು. ನಿಜವಾದ ಕಷ್ಟ ರಾತ್ರಿ. 12ಕ್ಕೆ ಒಮ್ಮೆ, 3ಕ್ಕೆ ಒಮ್ಮೆ, 5ಕ್ಕೆ ಒಮ್ಮೆ ಶೌಚಕ್ಕೆ ಏಳುತ್ತಾರೆ. ಅಕ್ಕ ಎರಡು ತಿಂಗಳಿಂದ ಒಟ್ಟಿಗೆ ಮೂರು ಗಂಟೆ ನಿದ್ದೆ ಮಾಡಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನೋಟ್‌ಬುಕ್ ನೋಡಿಯೇ ನನಗೆ ಗೊತ್ತಾಗಿದ್ದು.

ಗಾಲಿಕುರ್ಚಿ ಅವರು ಹೇಳಿದಂತೆ ಅಮ್ಮನ ಎದುರು ಕೂತು ಕೇಳಿದೆ. ಹೊರಗಿನವರು ಮನೆಗೆ ಬರುವುದೇ ಬೇಡವಾ? ಅಲ್ಲ ಅಂತ ತಲೆಯಾಡಿಸಿದರು. ಊಟ ಮಾಡಿಸುವುದು ಬೇಡವಾ? ಅಲ್ಲ. ನಡೆಸುವುದು? ಅಲ್ಲ. ಸ್ನಾನ ಮಾಡಿಸುವುದು? ಕಣ್ಣಲ್ಲಿ ನೀರು ಬಂತು. ಎಡಗೈಯಿಂದ ಸೆರಗು ಎಳೆದು ಎದೆಗೆ ಒತ್ತಿ ಹಿಡಿದುಕೊಂಡರು. ಬಹಳ ಹೊತ್ತಿನ ಮೇಲೆ "ನಾಚಿಕೆ" ಅಂದರು. ಎರಡು ತಿಂಗಳಿಂದ ನಾವು ಇದನ್ನು ಹಟ ಅಂತಿದ್ದೆವು.

ಹಾಗಾಗಿ ಈಗ ಹೀಗೆ ತೀರ್ಮಾನ ಮಾಡಿದ್ದೇವೆ. ಹಗಲಿಗೆ ಒಬ್ಬರು, ಎಂಟು ಗಂಟೆ. ರಾತ್ರಿಗೆ ವಾರದಲ್ಲಿ ನಾಲ್ಕು ದಿನ ಬೇರೆ ಒಬ್ಬರು, ಉಳಿದ ಮೂರು ರಾತ್ರಿ ನಾನು. ಅಕ್ಕ ಮಲಗಬೇಕು. ಸ್ನಾನ ಸದ್ಯಕ್ಕೆ ನಾವೇ ಮಾಡಿಸುತ್ತೇವೆ.

ಗಾಲಿಕುರ್ಚಿ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಸ್ನಾನದ ವಿಷಯದಲ್ಲಿ ನನಗೂ ಮೊದಲ ವರ್ಷ ಹಾಗೇ ಇತ್ತು. ಒಂದು ಉಪಾಯ. ದೊಡ್ಡ ಟವೆಲ್ ಹೊದಿಸಿಕೊಂಡೇ, ತೊಳೆಯುವ ಭಾಗದಷ್ಟು ಮಾತ್ರ ಸರಿಸುತ್ತಾ ಹೋಗಬಹುದು. ಮುಖ, ಎದೆ, ಮುಂದಿನ ಭಾಗವನ್ನು ಅವರೇ ಎಡಗೈಯಲ್ಲಿ ತೊಳೆದುಕೊಳ್ಳಲಿ. ಬೆನ್ನು, ಕಾಲು ಮಾತ್ರ ಇನ್ನೊಬ್ಬರು. ನಿಧಾನ ಆಗುತ್ತದೆ, ಆದರೂ ಪರವಾಗಿಲ್ಲ.

ವಾರ್ಡಿನ ನರ್ಸ್

ಒಳ್ಳೆಯ ತೀರ್ಮಾನ. ರಾತ್ರಿ ಮೂರು ಸಲ ಏಳುವುದನ್ನು ಡಾಕ್ಟರಿಗೂ ಹೇಳಿ. ಕೆಲವೊಮ್ಮೆ ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯ ಹೊತ್ತು ಬದಲಿಸಿದರೆ ಕಡಿಮೆಯಾಗುತ್ತದೆ. ನೀವೇ ಬದಲಿಸಬೇಡಿ, ಅವರು ಹೇಳಲಿ. ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ ಇದ್ದರೆ ರಾತ್ರಿ ಬಚ್ಚಲವರೆಗೆ ನಡೆಯುವುದು ತಪ್ಪುತ್ತದೆ.

ಎರಡನೇಮಗಳು

ಐದು ವಾರ ಆಯಿತು. ನಿಮಗೆಲ್ಲ ಹೇಳದಿದ್ದರೆ ತಪ್ಪಾಗುತ್ತದೆ ಅಂತ ಬಂದೆ.

ತೂಕ ಕೇಳಿದವರನ್ನೇ ಆರಿಸಿದೆವು. ಅವರು ಮೊದಲು ಒಬ್ಬ ನರ್ಸನ್ನು ಕಳಿಸಿದರು. ಅವರು ಒಂದು ಗಂಟೆ ಕೂತು ಅಮ್ಮನನ್ನೂ ಕೇಳಿ, ಮನೆಯನ್ನೂ ನೋಡಿ ಬರೆದುಕೊಂಡು ಹೋದರು. ಆದರೂ ಮೊದಲು ಬಂದ ಹುಡುಗಿ ಅಮ್ಮನಿಗೆ ಸರಿಹೋಗಲಿಲ್ಲ. ಕೆಲಸ ಬರುತ್ತಿತ್ತು, ಆದರೆ ಎಲ್ಲದಕ್ಕೂ ಅವಸರ. ಅಮ್ಮ ಒಂದು ಪದ ಹುಡುಕುವಷ್ಟರಲ್ಲಿ ಅವಳು ಮೂರು ಪದ ಹೇಳಿರುತ್ತಿದ್ದಳು. ನಾಲ್ಕನೇ ದಿನ ಅಮ್ಮ ಬೇಡ ಅಂದರು. ಏಜೆನ್ಸಿಯವರು ಬೇಸರ ಮಾಡಿಕೊಳ್ಳದೆ ಎರಡು ದಿನದಲ್ಲಿ ಬೇರೆಯವರನ್ನು ಕಳಿಸಿದರು.

ಎರಡನೆಯವರು ಬಂದ ತಕ್ಷಣ ಕುರ್ಚಿಯನ್ನು ಅಮ್ಮನ ಎಡಗಡೆಗೆ ಎಳೆದುಕೊಂಡು ಕೂತರು. "ನಿಮ್ಮನ್ನು ಏನಂತ ಕರೆಯಲಿ?" ಅಂತ ಅಮ್ಮನನ್ನೇ ಕೇಳಿದರು. ಕೇಳಿ ಸುಮ್ಮನೆ ಕಾದರು. ಎಷ್ಟು ಹೊತ್ತು ಅಂದರೆ ನನಗೇ ಬಾಯಿ ಹಾಕಬೇಕು ಅನಿಸಿತು, ತಡೆದುಕೊಂಡೆ. ಕೊನೆಗೆ ಅಮ್ಮ "ಅಕ್ಕ" ಅಂದರು. ಅವತ್ತಿನಿಂದ ಅವರಿಗೆ ಅಮ್ಮ "ಅಕ್ಕ".

ಹೋದ ವಾರ ಅವರು ಅಮ್ಮನ ಬಲ ಹಿಮ್ಮಡಿಯಲ್ಲಿ ಒಂದು ಕೆಂಪು ಕಲೆ ನೋಡಿದರು. ಬೆರಳಿನಿಂದ ಒತ್ತಿ ಬಿಟ್ಟರು, ಬಿಳಿಚಿಕೊಳ್ಳಲಿಲ್ಲ, ಕೆಂಪಾಗಿಯೇ ಇತ್ತು. ನೋಟ್‌ಬುಕ್ಕಿನಲ್ಲಿ ಬರೆದು, ಫೋಟೋ ತೆಗೆದು, ನನಗೂ ಅವರ ಸೂಪರ್‌ವೈಸರ್‌ಗೂ ಫೋನ್ ಮಾಡಿದರು. ಅದು ಬೆಡ್‌ಸೋರ್, ಅಂದರೆ ಒಂದೇ ಕಡೆ ಒತ್ತಿ ಆಗುವ ಹುಣ್ಣು, ಶುರುವಾಗುವ ಲಕ್ಷಣವಂತೆ. ಸೂಪರ್‌ವೈಸರ್ ಮರುದಿನ ಬಂದು ನೋಡಿದರು. ನನಗಾಗಿದ್ದರೆ ಅದು ಕಣ್ಣಿಗೂ ಬೀಳುತ್ತಿರಲಿಲ್ಲ.

ಸ್ನಾನ ಇನ್ನೂ ನಾವೇ ಮಾಡಿಸುತ್ತೇವೆ. ಆದರೆ ಮೊನ್ನೆ ಬೆನ್ನು ಉಜ್ಜಲು ಅವರನ್ನು ಕರೆ ಅಂತ ಅಮ್ಮನೇ ಕೈ ಸನ್ನೆ ಮಾಡಿದರು.

ಬರುವ ತಿಂಗಳು ಅವರಿಗೆ ಒಂದು ವಾರ ರಜೆ. ಬದಲಿಗೆ ಬರುವವರು ಎರಡು ದಿನ ಮೊದಲೇ ಬಂದು ಅವರ ಜೊತೆ ಇದ್ದು ಕಲಿಯಬೇಕು ಎಂದು ಕೇಳಿದೆವು. ಒಪ್ಪಿದ್ದಾರೆ, ಆ ಎರಡು ದಿನದ ಹಣ ನಾವು ಕೊಡುತ್ತೇವೆ.

ಬೆಳಗಿನ ಶಿಫ್ಟ್

ಹಿಮ್ಮಡಿ ನೋಡಿದರಲ್ಲ, ಒಳ್ಳೆಯ ಕೆಲಸದವರು. ಅವರಿಗೆ ಹಾಗಂತ ಬಾಯಿಬಿಟ್ಟು ಹೇಳಿ.

ವಾರ್ಡಿನ ನರ್ಸ್

ಓದಿ ಖುಷಿಯಾಯಿತು. ಹಿಮ್ಮಡಿಗೆ ಈಗ ಏನು ಮಾಡುತ್ತಿದ್ದೀರಿ? ಉಜ್ಜಿ ಮಾಲೀಶು ಮಾಡಬೇಡಿ. ಹಿಮ್ಮಡಿ ಹಾಸಿಗೆಗೆ ತಾಗಲೇಬಾರದು. ದಿಂಬನ್ನು ಉದ್ದಕ್ಕೆ ಮೀನಖಂಡದ ಕೆಳಗೆ ಇಡಿ, ಹಿಮ್ಮಡಿ ಗಾಳಿಯಲ್ಲಿ ಇರಬೇಕು. ಹಿಮ್ಮಡಿಯ ಕೆಳಗೇ ದಿಂಬು ಇಟ್ಟರೆ ಒತ್ತಡ ಹಾಗೇ ಉಳಿಯುತ್ತದೆ.

ಎರಡನೇಮಗಳು

ಹಗಲು ಅವರು ನೀವು ಹೇಳಿದ ಹಾಗೆಯೇ ಇಡುತ್ತಾರೆ. ರಾತ್ರಿ ನನ್ನ ಸರದಿಯಲ್ಲಿ ನಾನು ಹಿಮ್ಮಡಿಯ ಕೆಳಗೇ ಇಡುತ್ತಿದ್ದೆ. ಈಗಷ್ಟೇ ಹೋಗಿ ಸರಿ ಮಾಡಿ ಬಂದೆ. ರಾತ್ರಿಗೆ ಬರುವವರಿಗೂ ತೋರಿಸುತ್ತೇನೆ, ಗೋಡೆಯ ಹಾಳೆಯಲ್ಲೂ ಬರೆಯುತ್ತೇನೆ.